ಅಗಲ ಪರದೆಯ ಪ್ರೊಜೆಕ್ಷನ್ ಟಿವಿ: ಬಿಳಿ ಬಂದಾಗ ನಡುವೆ ಹಳದಿ ಚೌಕ ಕಾಣುತ್ತದೆ, ಸ್ಕ್ರೀನ್ ಬದಲಾಯಿಸಿದರೆ ಹೋಗುತ್ತದಾ?

ಹಳೇಸೆಟ್ಟು

ಎಲ್ಲರಿಗೂ ನಮಸ್ಕಾರ. ಪರಿಚಯದವರು ಮನೆ ಖಾಲಿ ಮಾಡುವಾಗ ತಮ್ಮ ಹಳೇ ಪ್ರೊಜೆಕ್ಷನ್ ಟಿವಿಯನ್ನು ನನಗೆ ಕೊಟ್ಟು ಹೋದರು. 16:9 (ಅಗಲ 16 ಪಾಲು, ಎತ್ತರ 9 ಪಾಲು) ಸೆಟ್ಟು, ಒಳಗೆ ಕೆಂಪು, ಹಸಿರು, ನೀಲಿ ಅಂತ ಮೂರು ಚಿಕ್ಕ ಪಿಕ್ಚರ್ ಟ್ಯೂಬ್ ಇರುವಂಥದ್ದು. ಸಿನಿಮಾ ಹಾಕಿದರೆ ಚಿತ್ರ ಚೆನ್ನಾಗಿಯೇ ಇದೆ. ಕತ್ತಲೆ ದೃಶ್ಯಗಳಲ್ಲಂತೂ ನನ್ನ ಎಲ್‌ಸಿಡಿಗಿಂತ ಎಷ್ಟೋ ಮೇಲು.

ತೊಂದರೆ ಇರುವುದು ಪರದೆ ತುಂಬಾ ಬಿಳಿ ಬಂದಾಗ. ಹಿಮವೋ ಮೋಡವೋ ಬಂತು ಅಂದರೆ ನಡುವೆ ಒಂದು ದೊಡ್ಡ ಚೌಕ ಎದ್ದು ಕಾಣುತ್ತದೆ. ಆ ಚೌಕದೊಳಗೆ ಬಿಳಿ ಸ್ವಲ್ಪ ಹಳದಿಗೆ ತಿರುಗಿದೆ, ಎಡ ಬಲದ ಎರಡು ಪಟ್ಟಿಗಳು ಮಾತ್ರ ಫಳಫಳ ಅನ್ನುತ್ತವೆ. ಚೌಕದ ಬಲ ಮೂಲೆಯಲ್ಲಿ ಯಾವುದೋ ಚಾನೆಲ್‌ನ ಲೋಗೋ ಕೂಡ ಮಸುಕಾಗಿ ಉಳಿದುಬಿಟ್ಟಿದೆ. ಇದು ಬರ್ನ್ ಇನ್ (ಹಳೇ ಚಿತ್ರ ಅಚ್ಚಾಗಿ ಉಳಿಯುವುದು) ಅಂತಾರಲ್ಲ, ಅದೇ ತಾನೇ? ಮುಂದಿನ ಸ್ಕ್ರೀನ್ ಮಾತ್ರ ಬೇರೆ ಸಿಗುತ್ತದೆ, ಅದನ್ನು ಹಾಕಿದರೆ ಹೊಸದಾಗುತ್ತದೆ ಅಂತ ಒಬ್ಬರು ಹೇಳಿದರು. ಹೌದಾ?

ಇನ್ನೊಂದು, ಮೂಲೆಗಳಲ್ಲಿ ಅಕ್ಷರಗಳ ಅಂಚಿಗೆ ಕೆಂಪು ನೀಲಿ ಗೆರೆ ಕಾಣುತ್ತದೆ. ಅದೂ ಸವೆತವೇ?

ಮೂರುಟ್ಯೂಬು

ಸ್ಕ್ರೀನ್‌ಗೆ ದುಡ್ಡು ಹಾಕಬೇಡಿ. ಸವೆದಿರುವುದು ಅದಲ್ಲ.

ನೀವು ಎದುರು ಕೂತು ನೋಡುವ ಆ ದೊಡ್ಡ ಪರದೆ ಬರೀ ಪ್ಲಾಸ್ಟಿಕ್ಕು. ಹಿಂದೆ ಬೆಳಕನ್ನು ನೇರ ಮಾಡುವ ಫ್ರೆನೆಲ್ ಹಾಳೆ, ಮುಂದೆ ಮೇಲಿನಿಂದ ಕೆಳಕ್ಕೆ ಸಣ್ಣ ಸಣ್ಣ ಗೀರುಗಳಿರುವ ಲೆಂಟಿಕ್ಯುಲರ್ ಹಾಳೆ, ಕೆಲವು ಸೆಟ್‌ಗಳಲ್ಲಿ ಅದರ ಮೇಲೆ ಇನ್ನೊಂದು ಹೊಳೆಯುವ ರಕ್ಷಣೆಯ ಹಾಳೆ. ಬೆಳಕು ಇದರ ಮೂಲಕ ಹಾದು ನಿಮ್ಮ ಕಡೆಗೆ ಬರುತ್ತದೆ, ಅಷ್ಟೇ. ಇದರಲ್ಲಿ ಯಾವ ಚಿತ್ರವೂ ಅಚ್ಚಾಗುವುದಿಲ್ಲ. ಅಚ್ಚಾಗಿರುವುದು ಕೆಳಗೆ ಪೆಟ್ಟಿಗೆಯಲ್ಲಿ ಅಡಗಿರುವ ಮೂರು ಟ್ಯೂಬ್‌ಗಳ ಮುಖದ ಮೇಲಿನ ಫಾಸ್ಫರ್‌ನಲ್ಲಿ, ಅಂದರೆ ಬೆಳಕು ಕೊಡುವ ಲೇಪದಲ್ಲಿ.

ಯಾಕೆ ಇಷ್ಟು ಬೇಗ ಸವೆಯುತ್ತದೆ ಅಂತ ಲೆಕ್ಕ ಹಾಕಿ. ಮನೆಬಳಕೆಯ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 7 ಇಂಚಿನ ಟ್ಯೂಬ್. ಅದರ ಮೇಲೆ ಚಿತ್ರ ಮೂಡುವ ಜಾಗ ಮೂಲೆಯಿಂದ ಮೂಲೆಗೆ 5 ಇಂಚಿನ ಆಸುಪಾಸು. ಅದನ್ನು 50 ಇಂಚಿಗೆ ಹಿಗ್ಗಿಸಿದರೆ ಉದ್ದಗಲ ಹತ್ತು ಪಟ್ಟು, ಅಂದರೆ ವಿಸ್ತೀರ್ಣ ನೂರು ಪಟ್ಟು. ಅಷ್ಟು ಚಿಕ್ಕ ಜಾಗ ಅಷ್ಟು ದೊಡ್ಡ ಪರದೆಗೆ ಬೆಳಕು ಕೊಡಬೇಕು. ಮಾಮೂಲಿ ಪಿಕ್ಚರ್ ಟ್ಯೂಬ್ ಟಿವಿಯ ಫಾಸ್ಫರ್‌ಗೆ ಇಂಥ ಶಿಕ್ಷೆ ಇಲ್ಲವೇ ಇಲ್ಲ. ಟ್ಯೂಬ್ ಮುಖ ಕಾದು ಹೋಗದಿರಲಿ ಅಂತಲೇ ಅದಕ್ಕೂ ಲೆನ್ಸ್‌ಗೂ ನಡುವೆ ಗ್ಲೈಕಾಲ್ ಬೆರೆತ ದ್ರವ ತುಂಬಿರುತ್ತಾರೆ.

ಹಳದಿ ಯಾಕೆ ಅಂದರೆ, ನೀಲಿ ಫಾಸ್ಫರ್ ಮೊದಲು ಸೋಲುತ್ತದೆ. ಬಿಳಿಯಿಂದ ನೀಲಿ ಕಡಿಮೆಯಾದರೆ ಉಳಿಯುವುದು ಹಳದಿ. ನಿಮ್ಮ ಚೌಕ 4:3 ಆಕಾರದ್ದು. ಹಿಂದಿನವರು ವರ್ಷಗಟ್ಟಲೆ ಹಳೇ ಆಕಾರದ ಚಾನೆಲ್‌ಗಳನ್ನು ಪಕ್ಕದಲ್ಲಿ ಕಪ್ಪು ಪಟ್ಟಿ ಬಿಟ್ಟು ನೋಡಿದ್ದಾರೆ. ನಡುವಿನ ಜಾಗ ದುಡಿದಿದೆ, ಪಕ್ಕದ ಎರಡು ಪಟ್ಟಿ ಸುಮ್ನೆ ಕೂತಿವೆ.

ಒಂದು ಪರೀಕ್ಷೆ ಮಾಡಿ ಹೇಳಿ. ಪರದೆ ತುಂಬಾ ಬರೀ ಕೆಂಪು, ಬರೀ ಹಸಿರು, ಬರೀ ನೀಲಿ ತೋರಿಸುವ ಚಿತ್ರಗಳನ್ನು ಒಂದೊಂದಾಗಿ ಹಾಕಿ. ಯಾವ ಬಣ್ಣದಲ್ಲಿ ಚೌಕ ಜಾಸ್ತಿ ಕಾಣುತ್ತದೋ ಆ ಟ್ಯೂಬ್ ಸವೆದಿದೆ.

ಸೋಲ್ಡರ್‌ಕೈ

ಮೇಲಿನವರು ಹೇಳಿದ್ದು ಸರಿ. ಮೂಲೆಯಲ್ಲಿ ಬಣ್ಣ ಬೇರೆಯಾಗುವುದಕ್ಕೂ ಸವೆತಕ್ಕೂ ಸಂಬಂಧವಿಲ್ಲ. ಅದು ಕನ್ವರ್ಜೆನ್ಸ್ ಸಮಸ್ಯೆ, ಮೂರು ಬಣ್ಣದ ಚಿತ್ರ ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ. ಮೂರು ಟ್ಯೂಬ್ ಅಕ್ಕಪಕ್ಕ ಇರುತ್ತವೆ, ಹಾಗಾಗಿ ಎರಡು ಟ್ಯೂಬ್ ಪರದೆಯನ್ನು ಓರೆಯಾಗಿಯೇ ನೋಡುತ್ತವೆ. ಆ ಓರೆಯನ್ನು ತಿದ್ದಲು ಬೇರೆ ಕಾಯಿಲ್‌ಗಳಿವೆ, ಅವಕ್ಕೆ ಕರೆಂಟ್ ಕೊಡಲು ಬೇರೆ ಆಂಪ್ಲಿಫೈಯರ್ ಐಸಿಗಳಿವೆ. ಸೆಟ್ಟನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದರೂ, ದಿಕ್ಕು ತಿರುಗಿಸಿ ಇಟ್ಟರೂ ಭೂಮಿಯ ಕಾಂತಕ್ಕೆ ಕನ್ವರ್ಜೆನ್ಸ್ ಸ್ವಲ್ಪ ಜರುಗುತ್ತದೆ. ನಿಮ್ಮದು ಈಗಷ್ಟೇ ಮನೆ ಬದಲಿಸಿದೆ.

ಇರುವ ಜಾಗದಲ್ಲೇ ಅರ್ಧ ಗಂಟೆ ಓಡಲಿ, ಬಿಸಿಯಾಗಲಿ. ಆಮೇಲೆ ಮೆನುವಿನಲ್ಲಿ ಕನ್ವರ್ಜೆನ್ಸ್ ತೆಗೆದು ಅಡ್ಡ ಉದ್ದ ಗೆರೆಗಳನ್ನು ಸೇರಿಸಿ. ತಣ್ಣಗಿರುವಾಗ ಸೇರಿಸಿದರೆ ಬಿಸಿಯಾದ ಮೇಲೆ ಮತ್ತೆ ಬೇರೆಯಾಗುತ್ತದೆ. ಹಸಿರನ್ನು ಮುಟ್ಟಬೇಡಿ, ಅದೇ ಆಧಾರ. ಕೆಂಪು ನೀಲಿಯನ್ನು ಅದರ ಮೇಲೆ ತಂದು ಕೂರಿಸಿ, ಗೆರೆ ಬೆಳ್ಳಗಾಗುವ ತನಕ.

ಗೆರೆಗಳು ಬಿಲ್ಲಿನ ಹಾಗೆ ಬಾಗಿ, ಕೆಂಪು ಎಲ್ಲೋ ನೀಲಿ ಎಲ್ಲೋ ಆಗಿ, ಮೆನುವಿನಿಂದ ಎಷ್ಟು ಜರುಗಿಸಿದರೂ ಬರುತ್ತಿಲ್ಲ ಅಂದರೆ ಆ ಐಸಿ ಹೋಗಿದೆ. ಎಸ್‌ಟಿಕೆ ಅಂತ ಶುರುವಾಗುವ ದಪ್ಪ ಐಸಿಗಳು. ಇಂಥ ಸೆಟ್‌ಗಳಲ್ಲಿ ಮೊದಲು ಕೈಕೊಡುವುದೇ ಅವು. ಹೀಟ್ ಸಿಂಕ್ ಪೇಸ್ಟ್ ಒಣಗಿರುತ್ತದೆ, ಸುತ್ತಲಿನ ಸಣ್ಣ ರೆಸಿಸ್ಟರ್‌ಗಳೂ ಕೆಲವು ಸುಟ್ಟಿರುತ್ತವೆ. ಐಸಿ ಮಾತ್ರ ಹಾಕಿ ರೆಸಿಸ್ಟರ್ ನೋಡದೆ ಬಿಟ್ಟರೆ ಹೊಸ ಐಸಿಯೂ ಅದರ ಹಿಂದೆಯೇ ಹೋಗುತ್ತದೆ.

ಅಗಲಪ್ರಿಯ

4:3 ಕಾರ್ಯಕ್ರಮವನ್ನು ಅಗಲ ಟಿವಿಯಲ್ಲಿ ಪಟ್ಟಿ ಬಿಟ್ಟು ನೋಡುವುದೇ ತಪ್ಪು. ಚಿತ್ರವನ್ನು ಅಗಲಕ್ಕೆ ಎಳೆಯುವ ಸ್ಟ್ರೆಚ್ ಮೋಡ್ ಹಾಕಿ, ಮುಗಿಯಿತು. ನನ್ನ ಸೆಟ್ಟು ಎಷ್ಟೋ ವರ್ಷದಿಂದ ಓಡುತ್ತಿದೆ, ಒಂದು ಕಲೆ ಇಲ್ಲ. ಮುಖ ಸ್ವಲ್ಪ ದಪ್ಪ ಕಾಣುತ್ತದೆ, ನಾಲ್ಕು ದಿನದಲ್ಲಿ ಕಣ್ಣು ಒಗ್ಗಿಕೊಳ್ಳುತ್ತದೆ.

ಸುಮ್ನೆಓದುವವ

ಕಣ್ಣು ಒಗ್ಗಿಕೊಳ್ಳುವುದಿಲ್ಲ ಮಾರಾಯ. ಚೆಂಡು ಮೊಟ್ಟೆಯಾಗುತ್ತದೆ. ಅಗಲ ಮೂರನೇ ಒಂದು ಭಾಗ ಜಾಸ್ತಿ ಆಗುತ್ತದೆ, ಅದು ಸ್ವಲ್ಪ ಅಂತೀಯಾ? ಪನೋರಮಾ ಅಂತ ಇನ್ನೊಂದು ಮೋಡ್ ಇದೆಯಲ್ಲ, ನಡುವೆ ಸರಿ ಇಟ್ಟು ಅಂಚಿಗೆ ಮಾತ್ರ ಎಳೆಯುವುದು, ಅದು ಇನ್ನೂ ಕೆಟ್ಟದು. ಕ್ಯಾಮೆರಾ ಪಕ್ಕಕ್ಕೆ ತಿರುಗಿದರೆ ಮನೆ ಮರ ಎಲ್ಲ ರಬ್ಬರ್ ಆಗಿ ಎಳೆದುಕೊಂಡು ಹೋಗುತ್ತವೆ. ತಲೆ ತಿರುಗುತ್ತದೆ.

ಅಗಲಪ್ರಿಯ

ನಿನಗೆ ಆಕಾರ ಮುಖ್ಯವೋ ಟಿವಿ ಮುಖ್ಯವೋ?

ಸುಮ್ನೆಓದುವವ

ಚಿತ್ರ ನೋಡಲಿಕ್ಕೆ ತಾನೇ ಟಿವಿ ಇರುವುದು.

ಮೂರುಟ್ಯೂಬು

ಇಬ್ಬರೂ ಸ್ವಲ್ಪ ನಿಲ್ಲಿ. ನೀವು ಜಗಳವಾಡುತ್ತಿರುವುದು ಎರಡನೇ ವಿಷಯಕ್ಕೆ. ಮೊದಲನೆಯದು ಕಾಂಟ್ರಾಸ್ಟ್.

ಫಾಸ್ಫರ್ ಸವೆಯುವುದು ಅದರ ಮೇಲೆ ಎಷ್ಟು ಹೊತ್ತು ಎಷ್ಟು ಬೀಮ್ (ಟ್ಯೂಬಿನೊಳಗಿನ ಎಲೆಕ್ಟ್ರಾನ್ ಕಿರಣ) ಕರೆಂಟ್ ಬಿತ್ತು ಅನ್ನುವುದರ ಮೇಲೆ. ಕಾಂಟ್ರಾಸ್ಟ್ ಅನ್ನುವುದು ಆ ಕರೆಂಟನ್ನೇ ಏರಿಸುವ ಇಳಿಸುವ ಗುಂಡಿ. ಅಂಗಡಿಯ ಬೆಳಕಿನಲ್ಲಿ ಪಕ್ಕದ ಸೆಟ್ಟಿಗಿಂತ ಚೆನ್ನಾಗಿ ಕಾಣಲಿ ಅಂತ ಈ ಟಿವಿಗಳನ್ನು ಪೂರ್ತಿ ಕಾಂಟ್ರಾಸ್ಟ್‌ನಲ್ಲಿ ಇಟ್ಟು ಕಳಿಸುತ್ತಿದ್ದರು. ಮನೆಗೆ ಬಂದ ಮೇಲೂ ಬಹಳ ಜನ ಅದನ್ನು ಮುಟ್ಟಲಿಲ್ಲ. ಪೂರ್ತಿ ಕಾಂಟ್ರಾಸ್ಟ್‌ನಲ್ಲಿ ಓಡುವ ಸೆಟ್ಟಿಗೆ ಒಂದು ಸುದ್ದಿ ಚಾನೆಲ್‌ನ ಕೆಳಗಿನ ಪಟ್ಟಿ ಸಾಕು, ಕೆಲವು ತಿಂಗಳಲ್ಲೇ ಗುರುತು ಮೂಡಬಹುದು. ಅದೇ ಸೆಟ್ಟನ್ನು ಅರ್ಧಕ್ಕಿಂತ ಕೆಳಗೆ ಇಟ್ಟು, ಕೋಣೆಯ ಬೆಳಕು ತಗ್ಗಿಸಿ ನೋಡುವವರ ಟ್ಯೂಬ್ ವರ್ಷಗಳಾದರೂ ಸಮನಾಗಿಯೇ ಇರುತ್ತದೆ. ಅಗಲಪ್ರಿಯ ಅವರೇ, ನಿಮ್ಮ ಸೆಟ್ಟಿನಲ್ಲಿ ಕಾಂಟ್ರಾಸ್ಟ್ ಎಷ್ಟಿದೆ?

ಅಗಲಪ್ರಿಯ

40 ರ ಹತ್ತಿರ ಇರಬೇಕು. ರಾತ್ರಿ ಮಾತ್ರ ನೋಡುವುದು.

ಮೂರುಟ್ಯೂಬು

ನೋಡಿ, ನಿಮ್ಮ ಟಿವಿಯನ್ನು ಉಳಿಸಿದ್ದು ಬಹುಪಾಲು ಅದೇ. ಸ್ಟ್ರೆಚ್ ಅಲ್ಲ. ಪೂರ್ತಿ ಕಾಂಟ್ರಾಸ್ಟ್ ಇಟ್ಟು ಸ್ಟ್ರೆಚ್ ಮಾಡಿದರೆ ಚೌಕ ಮೂಡುವುದಿಲ್ಲ, ನಿಜ. ಆದರೆ ಲೋಗೋ ಮೂಡುತ್ತದೆ, ಸುದ್ದಿಯ ಪಟ್ಟಿ ಮೂಡುತ್ತದೆ, ಮೇಲಾಗಿ ಇಡೀ ಟ್ಯೂಬ್ ಒಟ್ಟಿಗೆ ಮಂಕಾಗುತ್ತದೆ.

ಕಾಂಟ್ರಾಸ್ಟ್ ಇಳಿಸಿದರೆ ಚಿತ್ರ ಸಪ್ಪೆಯಾಗುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಒಮ್ಮೆ ಹತ್ತಿರ ಹೋಗಿ ನೋಡಿ. ಕಪ್ಪು ಹಿನ್ನೆಲೆಯ ಮೇಲೆ ತೆಳು ಬಿಳಿ ಗೆರೆಗಳಿರುವ ಚಿತ್ರ ಹಾಕಿ ಕಾಂಟ್ರಾಸ್ಟನ್ನು ಮೇಲಕ್ಕೆ ಏರಿಸುತ್ತಾ ಹೋಗಿ. ಒಂದು ಹಂತ ದಾಟಿದ ಮೇಲೆ ಗೆರೆಯ ಹೊಳಪು ಹೆಚ್ಚುವುದಿಲ್ಲ, ದಪ್ಪ ಮಾತ್ರ ಆಗುತ್ತದೆ. ಅಕ್ಷರದ ಹೊಟ್ಟೆಯೊಳಗಿನ ಕಪ್ಪು ಮುಚ್ಚಿಹೋಗುತ್ತದೆ. ಕರೆಂಟ್ ಜಾಸ್ತಿಯಾಗಿ ಬೀಮ್ ಉಬ್ಬಿರುತ್ತದೆ. ಅಲ್ಲಿಂದ ಕೆಳಕ್ಕೆ ಇಳಿಸುತ್ತಾ ಬನ್ನಿ, ಗೆರೆ ಮತ್ತೆ ಸೂಜಿಯಷ್ಟು ಚೂಪಾಗುವ ಜಾಗ ಸಿಗುತ್ತದೆ. ಅದಕ್ಕಿಂತ ಇನ್ನೂ ಸ್ವಲ್ಪ ಕೆಳಗೆ ನಿಲ್ಲಿಸಿ. ಚಿತ್ರವೂ ಚೂಪು, ಟ್ಯೂಬೂ ಸುರಕ್ಷಿತ.

ಬ್ರೈಟ್‌ನೆಸ್ ಬೇರೆ ವಿಷಯ. ಅದು ಕಪ್ಪಿನ ಮಟ್ಟ ಇಡುವ ಗುಂಡಿ. ಕತ್ತಲೆ ದೃಶ್ಯದಲ್ಲಿ ಕಪ್ಪು ಕೋಟಿನ ಮಡಿಕೆ ಕಾಣಬೇಕು, ಆದರೆ ಸಿನಿಮಾದ ಮೇಲೆ ಕೆಳಗಿನ ಪಟ್ಟಿ ಬೂದು ಬಣ್ಣಕ್ಕೆ ತಿರುಗಬಾರದು. ಆ ಎರಡರ ನಡುವೆ ನಿಲ್ಲಿಸಿ.

ಕಲರ್ ಟೆಂಪರೇಚರ್ (ಬಿಳಿಯ ಛಾಯೆ) ವಾರ್ಮ್‌ಗೆ ಇಡಿ. ಕೂಲ್ ಇಟ್ಟರೆ ಬಿಳಿ ನೀಲಿಯ ಕಡೆಗೆ ವಾಲುತ್ತದೆ, ಅಂದರೆ ಮೊದಲೇ ಸೋಲುವ ನೀಲಿ ಟ್ಯೂಬಿನ ಮೇಲೆ ಇನ್ನಷ್ಟು ಹೊರೆ ಬೀಳುತ್ತದೆ. ಸಿನಿಮಾ ಮಾಡುವವರು ಹಿಡಿಯುವ ಬಿಳಿ 6500 ಕೆಲ್ವಿನ್ ಹತ್ತಿರದ್ದು, ವಾರ್ಮ್ ಅದಕ್ಕೆ ಹತ್ತಿರ ಬರುತ್ತದೆ.

ಗೇಮ್‌ಹುಚ್ಚ

ಹಾಗಾದರೆ ಗೇಮ್ ಆಡಬಾರದಾ? ಕೈಪಿಡಿಯಲ್ಲಿ ಒಂದು ಪುಟ ಪೂರ್ತಿ ಎಚ್ಚರಿಕೆಯೇ ಇದೆ. ನನ್ನ ಹತ್ತಿರ ಇರುವ ಸೆಟ್ಟಿನಲ್ಲಿ ಹಿಂದೆ ಆಡಿದ ರೇಸಿಂಗ್ ಗೇಮಿನ ಸ್ಪೀಡೋಮೀಟರ್ ಬಲ ಮೂಲೆಯಲ್ಲಿ ಶಾಶ್ವತವಾಗಿ ಕೂತಿದೆ. ಯಾವ ಸಿನಿಮಾ ಹಾಕಿದರೂ ಆಕಾಶದಲ್ಲಿ ಸ್ಪೀಡೋಮೀಟರ್ ತೇಲುತ್ತದೆ.

ಮೂರುಟ್ಯೂಬು

ಹಾಹಾ. ಆಡಬಾರದು ಅಂತ ಯಾರೂ ಹೇಳಲಿಲ್ಲ. ಪ್ರತಿದಿನ ಒಂದೇ ಗೇಮನ್ನು ಗಂಟೆಗಟ್ಟಲೆ ಆಡಬೇಡಿ, ಕಾಂಟ್ರಾಸ್ಟ್ ತಗ್ಗಿಸಿ ಆಡಿ, ಪಾಜ್ ಮಾಡಿ (ಆಟ ತಡೆದು ನಿಲ್ಲಿಸಿ) ಊಟಕ್ಕೆ ಎದ್ದು ಹೋಗಬೇಡಿ. ಕೆಲವು ಗೇಮ್‌ಗಳಲ್ಲಿ ಮ್ಯಾಪ್, ಜೀವದ ಪಟ್ಟಿ ಎಲ್ಲ ಮರೆಮಾಡಬಹುದು ಅಥವಾ ಪಾರದರ್ಶಕ ಮಾಡಬಹುದು. ಸ್ಥಿರ ಚಿತ್ರದಿಂದ ಆದ ಗುರುತಿಗೆ ವಾರಂಟಿ ಇಲ್ಲ ಅಂತ ಆ ಕೈಪಿಡಿಗಳಲ್ಲೇ ಬರೆದಿರುತ್ತಿದ್ದರು, ಅದು ಸುಮ್ನೆ ಬರೆದದ್ದಲ್ಲ.

ಹಳೇಸೆಟ್ಟು

ಪರೀಕ್ಷೆ ಮಾಡಿದೆ. ಕೆಂಪಿನಲ್ಲಿ ಏನೂ ಇಲ್ಲ. ಹಸಿರಿನಲ್ಲಿ ಗಮನವಿಟ್ಟು ನೋಡಿದರೆ ಚೌಕದ ಅಂಚು ತೆಳುವಾಗಿ ಕಾಣುತ್ತದೆ. ನೀಲಿಯಲ್ಲಿ ಮಾತ್ರ ಚೌಕ ಗೆರೆ ಎಳೆದಷ್ಟು ಸ್ಪಷ್ಟ, ಲೋಗೋದ ಅಕ್ಷರಗಳನ್ನೂ ಓದಬಹುದು! ಇನ್ನು ಕಾಂಟ್ರಾಸ್ಟ್ ತೆಗೆದು ನೋಡಿದರೆ ಪೂರ್ತಿ 100 ರಲ್ಲಿ ಇತ್ತು, ಕಲರ್ ಟೆಂಪರೇಚರ್ ಕೂಲ್. ನೀವು ಹೇಳಿದ ಕಥೆಯೇ.

ಕನ್ವರ್ಜೆನ್ಸ್ ಕೂಡ ಬಿಸಿಯಾದ ಮೇಲೆ ಮಾಡಿದೆ, ಮೂಲೆಯ ಬಣ್ಣದ ಗೆರೆ ಮುಕ್ಕಾಲು ಪಾಲು ಹೋಯಿತು. ಮೇಲಿನ ಎಡ ಮೂಲೆಯಲ್ಲಿ ಸ್ವಲ್ಪ ಉಳಿದಿದೆ.

ಈಗ ಪ್ರಶ್ನೆ. ಈ ಚೌಕವನ್ನು ಅಳಿಸಲು ದಾರಿ ಇಲ್ಲವೇ? ಪ್ಲಾಸ್ಮಾದಲ್ಲಿ ಬಿಳಿ ಪರದೆ ಓಡಿಸಿದರೆ ಹೋಗುತ್ತದೆ ಅಂತಾರೆ.

ಸೋಲ್ಡರ್‌ಕೈ

ಪ್ಲಾಸ್ಮಾದಲ್ಲಿ ಹಾಗೆ ಹೋಗುವುದು ತಾತ್ಕಾಲಿಕ ನೆರಳು. ನಿಮ್ಮದು ಫಾಸ್ಫರ್ ಸೋತು ಆಗಿರುವುದು, ಅದು ವಾಪಸ್ ಬರುವುದಿಲ್ಲ. ನಿಜವಾಗಿ ಹೋಗಬೇಕು ಅಂದರೆ ನೀಲಿ ಟ್ಯೂಬ್ ಬದಲಾಯಿಸಬೇಕು. ಬಿಡಿಯಾಗಿ ಹೊಸ ಟ್ಯೂಬ್ ಸಿಗುವುದು ಈಗ ಕನಸು. ಬೇರೆ ಯಾವುದಾದರೂ ಕೆಟ್ಟು ಹೋದ ಅದೇ ಮಾಡೆಲ್‌ನ ಸೆಟ್ಟಿನಿಂದ ತೆಗೆಯಬೇಕು. ತೆಗೆದರೂ ದ್ರವ ಇಳಿಸಿ ತುಂಬಬೇಕು, ಫೋಕಸ್ ಕೂರಿಸಬೇಕು, ಕನ್ವರ್ಜೆನ್ಸ್ ಮೊದಲಿಂದ ಮಾಡಬೇಕು. ಹಳೆಯವನಾದ ನನಗೇ ಆ ಕೆಲಸ ಅಂದರೆ ಬೇಸರ.

ಗೇಮ್‌ಹುಚ್ಚ

ಒಂದು ಉಪಾಯ ಇದೆ ಅಲ್ವಾ, ಪಕ್ಕದ ಎರಡು ಪಟ್ಟಿ ಬಿಳಿ, ನಡುವೆ ಕಪ್ಪು ಇರುವ ಚಿತ್ರ ಮಾಡಿ ರಾತ್ರಿಯಿಡೀ ಓಡಿಸುವುದು. ನಡು ಸವೆದಷ್ಟು ಪಕ್ಕವೂ ಸವೆದರೆ ಸಮ ಆಗುತ್ತದೆ.

ಸೋಲ್ಡರ್‌ಕೈ

ಎರಡು ಚಪ್ಪಲಿಯಲ್ಲಿ ಒಂದು ಸವೆದಿದೆ ಅಂತ ಇನ್ನೊಂದನ್ನು ಕಲ್ಲಿಗೆ ಉಜ್ಜಿದ ಹಾಗೆ.

ಮೂರುಟ್ಯೂಬು

ಸಂಪೂರ್ಣ ಹುಚ್ಚುತನ ಅಂತ ನಾನು ಹೇಳುವುದಿಲ್ಲ, ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ. ಆದರೆ ಯಾವಾಗ ಮಾಡಬೇಕು ಅನ್ನುವುದು ಮುಖ್ಯ. ಸವೆತ ತೀರಾ ತೆಳುವಾಗಿದ್ದು, ಚೌಕದ ಅಂಚು ಮಾತ್ರ ಕಾಣುತ್ತಿದ್ದರೆ, ಬರೀ ನೀಲಿ ಪಟ್ಟಿಗಳನ್ನು ತಗ್ಗಿಸಿದ ಕಾಂಟ್ರಾಸ್ಟ್‌ನಲ್ಲಿ ಓಡಿಸಿ ಅಂಚು ಮಸುಕಾಗಿಸಬಹುದು. ಬಿಳಿ ಓಡಿಸಬೇಡಿ, ಹಾಗೆ ಮಾಡಿದರೆ ಚೆನ್ನಾಗಿರುವ ಕೆಂಪು ಹಸಿರೂ ಪಕ್ಕಗಳಲ್ಲಿ ಸವೆಯುತ್ತವೆ, ಆಗ ಹೊಸ ಬಣ್ಣದ ಪಟ್ಟಿ ಹುಟ್ಟುತ್ತದೆ. ಇದರಲ್ಲಿ ಇನ್ನೊಂದು ಕಷ್ಟ, ಹಳೇ ಚೌಕದ ಅಂಚಿಗೂ ನೀವು ಹಾಕುವ ಪಟ್ಟಿಯ ಅಂಚಿಗೂ ಕೂದಲೆಳೆ ವ್ಯತ್ಯಾಸ ಇದ್ದರೂ ಅಲ್ಲಿ ಒಂದು ತೆಳು ಗೆರೆ ಉಳಿದುಬಿಡುತ್ತದೆ. ಚೌಕಕ್ಕಿಂತ ಆ ಗೆರೆ ಕಣ್ಣಿಗೆ ಜಾಸ್ತಿ ಚುಚ್ಚುತ್ತದೆ. ಅದಕ್ಕೇ ಪಟ್ಟಿಯ ಅಂಚನ್ನು ಮಸುಕಾಗಿ ಇಳಿಯುವಂತೆ ಮಾಡಬೇಕು.

ಹಳೇಸೆಟ್ಟು ಅವರೇ, ನಿಮ್ಮ ನೀಲಿಯಲ್ಲಿ ಲೋಗೋ ಓದುವಷ್ಟು ಗುರುತು ಇದೆ ಅಂದರೆ ಅದು ತೆಳು ಅಲ್ಲ. ನಿಮಗೆ ನಾನು ಬೇಡ ಅನ್ನುತ್ತೇನೆ. ಕಾಂಟ್ರಾಸ್ಟ್ ಇಳಿಸಿ, ವಾರ್ಮ್ ಇಡಿ, ಅಷ್ಟಕ್ಕೇ ಚೌಕ ಅರ್ಧ ಮರೆಯಾಗುತ್ತದೆ. ಬಿಳಿಯಲ್ಲಿ ನೀಲಿಯ ಪಾಲು ಕಡಿಮೆಯಾದಷ್ಟೂ ನೀಲಿಯ ಏರುಪೇರು ಕಾಣುವುದೂ ಕಡಿಮೆ.

ಸುಮ್ನೆಓದುವವ

ಬೂದು ಪಟ್ಟಿಯ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಸೆಟ್ಟಿನಲ್ಲಿ 4:3 ಹಾಕಿದರೆ ಪಕ್ಕಕ್ಕೆ ಕಪ್ಪಿನ ಬದಲು ಬೂದು ಬರುತ್ತದೆ. ಮೊದಮೊದಲು ಅಸಹ್ಯ ಅನ್ನಿಸಿತ್ತು.

ಮೂರುಟ್ಯೂಬು

ಅದನ್ನು ಬೇಕೆಂದೇ ಕೊಟ್ಟಿರುವುದು. ಪಕ್ಕದ ಪಟ್ಟಿಗಳೂ ಹೆಚ್ಚುಕಡಿಮೆ ನಡುವಿನಷ್ಟೇ ದುಡಿಯಲಿ ಅಂತ. 16:9 ರಲ್ಲಿ 4:3 ಚಿತ್ರ ಅಗಲದ ಮುಕ್ಕಾಲು ಪಾಲು ಹಿಡಿಯುತ್ತದೆ, ಎರಡು ಕಡೆ ತಲಾ 12.5 ಶೇಕಡಾ ಉಳಿಯುತ್ತದೆ. ಆ ಜಾಗಕ್ಕೆ ಬೂದು ಬೆಳಕು ಬಿದ್ದರೆ ಸವೆತದ ಅಂತರ ಬಹಳ ತಗ್ಗುತ್ತದೆ. ಕತ್ತಲೆ ಕೋಣೆಯಲ್ಲಿ ಕಣ್ಣಿಗೆ ಹಿಂಸೆ ಅನ್ನುವುದು ನಿಜ.

ಆದರೆ ಇಲ್ಲಿ ಒಂದು ತೊಡಕಿದೆ, ಬಹಳ ಜನ ಇದರಲ್ಲೇ ಸಿಕ್ಕಿಬೀಳುತ್ತಾರೆ. ಪಟ್ಟಿ ಹಾಕುತ್ತಿರುವುದು ಟಿವಿಯೋ ಸೆಟ್ ಟಾಪ್ ಬಾಕ್ಸೋ ನೋಡಿ. ಬಾಕ್ಸ್ 1080ಐ (1080 ಗೆರೆಗಳ ಎಚ್‌ಡಿ ಸಿಗ್ನಲ್) ಕಳಿಸುವಂತೆ ಇಟ್ಟಿದ್ದರೆ 4:3 ಕಾರ್ಯಕ್ರಮಕ್ಕೂ ಬಾಕ್ಸೇ ಕಪ್ಪು ಪಟ್ಟಿ ಸೇರಿಸಿ ಪೂರ್ತಿ ಅಗಲದ ಚಿತ್ರ ಅಂತ ಕಳಿಸುತ್ತದೆ. ಟಿವಿಗೆ ಅದು ಪಟ್ಟಿ ಅಂತ ಗೊತ್ತಾಗುವುದೇ ಇಲ್ಲ. ಎಷ್ಟೋ ಹಳೇ ಸೆಟ್‌ಗಳು 1080ಐ ಬಂದ ಕೂಡಲೇ ಫುಲ್ ಮೋಡ್‌ಗೆ ಬೀಗ ಹಾಕಿಕೊಳ್ಳುತ್ತವೆ, ಸ್ಟ್ರೆಚ್ ಕೂಡ ಮಾಡಲು ಬಿಡುವುದಿಲ್ಲ. ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಹಳೇ ಚಾನೆಲ್‌ಗಳನ್ನು 480 ಅಥವಾ 576 ಗೆರೆಯಲ್ಲೇ, ಮೂಲ ಆಕಾರದಲ್ಲೇ ಕಳಿಸು ಅಂತ ಇಡಿ. ಆಗ ಟಿವಿಯೇ ಬೂದು ಪಟ್ಟಿಯನ್ನೋ ಸ್ಟ್ರೆಚ್ಚನ್ನೋ ಹಾಕುತ್ತದೆ.

ಅಗಲಪ್ರಿಯ

ಸಿನಿಮಾದ ಮೇಲೆ ಕೆಳಗಿನ ಕಪ್ಪು ಪಟ್ಟಿಯೂ ಹಾಗೇ ಅಚ್ಚಾಗುತ್ತದಾ? ನಾನು ನೋಡುವುದೆಲ್ಲ ಬಹುತೇಕ ಎತ್ತರದ 2.35 ಪಟ್ಟು ಅಗಲ ಇರುವ ಸಿನಿಮಾಗಳು. ಸುಮಾರು ಕಾಲು ಭಾಗ ಕಪ್ಪೇ ಇರುತ್ತದೆ.

ಮೂರುಟ್ಯೂಬು

ತಾತ್ವಿಕವಾಗಿ ಹೌದು. ಆದರೆ ಸಿನಿಮಾ ಸರಾಸರಿಯಲ್ಲಿ ಕತ್ತಲೆಯದು, ಸುದ್ದಿ ಸ್ಟುಡಿಯೋದಂತೆ ದಿನವಿಡೀ ಉರಿಯುವುದಿಲ್ಲ. ದಿನಕ್ಕೊಂದು ಸಿನಿಮಾ, ಕಾಂಟ್ರಾಸ್ಟ್ 40, ನಡುನಡುವೆ ಪರದೆ ತುಂಬುವ ಕಾರ್ಯಕ್ರಮ ಅಂತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಝೂಮ್ ಮಾಡಿ ಚಿತ್ರದ ಎರಡು ಪಕ್ಕ ಕತ್ತರಿಸುವುದಕ್ಕಿಂತ ಇದೇ ಮೇಲು.

ಬಣ್ಣದಚಕ್ರ

ನಿಮ್ಮ ಈ ಗೋಳೆಲ್ಲ ನೋಡಿದರೆ ನಾನು ಡಿಎಲ್‌ಪಿ ಪ್ರೊಜೆಕ್ಷನ್ ಸೆಟ್ ತೆಗೆದುಕೊಂಡಿದ್ದು ಒಳ್ಳೆಯದೇ ಆಯಿತು. ಅದರಲ್ಲಿ ಫಾಸ್ಫರ್ ಇಲ್ಲ, ಸಣ್ಣ ಕನ್ನಡಿಗಳಿರುವ ಎಲೆಕ್ಟ್ರಾನಿಕ್ ಚಿಪ್ಪು. ದಿನಪೂರ್ತಿ ಲೋಗೋ ಇದ್ದರೂ ಅಚ್ಚಾಗುವುದಿಲ್ಲ. ದೀಪ ಮಂಕಾದರೆ ದೀಪ ಬದಲಾಯಿಸು, ಟಿವಿ ಮತ್ತೆ ಹೊಸದು.

ಸೋಲ್ಡರ್‌ಕೈ

ಕನ್ನಡಿಗಳು ಅಂಟಿಕೊಂಡು ಪರದೆ ತುಂಬಾ ಬಿಳಿ ಚುಕ್ಕಿ ಬರುವ ತನಕ. ಅಂಥವು ನನ್ನ ಬೆಂಚಿಗೆ ಬಹಳ ಬಂದಿವೆ. ಮೊದಲು ಒಂದು, ಆಮೇಲೆ ನಾಲ್ಕು, ಆಮೇಲೆ ಹಗಲಲ್ಲೇ ನಕ್ಷತ್ರ. ಆಗ ಚಿಪ್ಪೇ ಬದಲಾಯಿಸಬೇಕು.

ಎಲ್‌ಸಿಡಿ ಚಿಪ್ಪಿನ ಪ್ರೊಜೆಕ್ಷನ್ ಸೆಟ್‌ಗಳಿಗೆ ಅವುಗಳದೇ ಕಾಯಿಲೆ ಇದೆ. ದೀಪದ ಶಾಖಕ್ಕೆ ಒಳಗಿನ ಪೋಲರೈಸರ್ (ಬೆಳಕನ್ನು ಸೋಸುವ ಹಾಳೆ) ಹಾಳಾಗಿ ಒಂದು ಕಡೆ ಹಳದಿ ಅಥವಾ ನೀಲಿ ಮೋಡ ಬಂದುಬಿಡುತ್ತದೆ. ಗಾಳಿ ಫಿಲ್ಟರ್ ತಿಂಗಳಿಗೊಮ್ಮೆಯಾದರೂ ಕೊಡವಿ, ಟಿವಿ ಆಫ್ ಮಾಡಿದ ಮೇಲೆ ಫ್ಯಾನ್ ನಿಲ್ಲುವ ತನಕ ಪ್ಲಗ್ ಕೀಳಬೇಡಿ. ಹೊಸ ದೀಪದ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಸುಮ್ನೆಓದುವವ

ನನಗೆ ಡಿಎಲ್‌ಪಿ ನೋಡಿದರೆ ಕಣ್ಣು ಹೊರಳಿಸಿದಾಗಲೆಲ್ಲ ಕಾಮನಬಿಲ್ಲು ಮಿಂಚುತ್ತದೆ. ಬಿಳಿ ಅಕ್ಷರ ಕಪ್ಪು ಹಿನ್ನೆಲೆಯಲ್ಲಿ ಬಂದರಂತೂ ಮುಗಿಯಿತು. ಮನೆಯಲ್ಲಿ ಬೇರೆ ಯಾರಿಗೂ ಕಾಣುವುದಿಲ್ಲ, ನನ್ನ ತಲೆ ಸರಿ ಇಲ್ಲ ಅಂತಾರೆ.

ಬಣ್ಣದಚಕ್ರ

ತಲೆ ಸರಿಯಾಗಿಯೇ ಇದೆ. ಒಂದೇ ಚಿಪ್ಪು, ಮುಂದೆ ತಿರುಗುವ ಬಣ್ಣದ ಚಕ್ರ. ಮೂರು ಬಣ್ಣ ಒಟ್ಟಿಗೆ ಬರುವುದಿಲ್ಲ, ಒಂದರ ಹಿಂದೆ ಒಂದು ಬರುತ್ತವೆ. ಕಣ್ಣು ಓಡಿದರೆ ಅವು ಬೇರೆ ಬೇರೆ ಜಾಗದಲ್ಲಿ ಬೀಳುತ್ತವೆ. ಕೆಲವರಿಗೆ ಮಾತ್ರ ಕಾಣುತ್ತದೆ. ಚಕ್ರ ವೇಗವಾಗಿ ತಿರುಗುವ ಸೆಟ್‌ಗಳಲ್ಲಿ ಕಡಿಮೆ. ಕಪ್ಪಿನ ವಿಷಯಕ್ಕೆ ಬಂದರೆ ಟ್ಯೂಬ್‌ನವರದೇ ಗೆಲುವು ಅಂತ ಒಪ್ಪುತ್ತೇನೆ. ನಮ್ಮದರಲ್ಲಿ ದೀಪ ಯಾವಾಗಲೂ ಉರಿಯುತ್ತಲೇ ಇರುತ್ತದೆ, ಕಪ್ಪು ಅಂದರೆ ಗಾಢ ಬೂದು.

ಹಳೇಸೆಟ್ಟು

ವಾಪಸ್ ನನ್ನ ಸೆಟ್ಟಿಗೆ ಬರೋಣವಾ. ಕಾಂಟ್ರಾಸ್ಟ್ 45, ವಾರ್ಮ್ ಇಟ್ಟೆ. ಹಗಲು ಕಿಟಕಿ ತೆರೆದಿದ್ದರೆ ಮಂಕು ಅನ್ನಿಸುತ್ತದೆ, ಕಿಟಕಿಯ ಪರದೆ ಎಳೆದರೆ ಸರಿ. ಚೌಕ ಈಗ ಹುಡುಕಿದರೆ ಮಾತ್ರ ಕಾಣುತ್ತದೆ. ಶಾರ್ಪ್‌ನೆಸ್ ಅರ್ಧದಲ್ಲಿದೆ, ಇನ್ನೂ ಏರಿಸಬೇಕಾ? ಮುಖದ ಸುತ್ತ ಒಂದು ಬಿಳಿ ಅಂಚು ಕಾಣುತ್ತದೆ. ಇಷ್ಟಾದರೂ ಚಿತ್ರದಲ್ಲಿ ಒಂಥರಾ ಮಂಜು ಕವಿದ ಹಾಗಿದೆ, ಚೂಪು ಸಾಲದು.

ಮೂರುಟ್ಯೂಬು

ಶಾರ್ಪ್‌ನೆಸ್ ಇಳಿಸಿ. ಆ ಬಿಳಿ ಅಂಚು ಮೂಲ ಚಿತ್ರದಲ್ಲಿ ಇಲ್ಲ, ಟಿವಿ ತಾನೇ ಬರೆಯುತ್ತಿದೆ. ಅಂಚು ಮಾಯವಾಗುವ ತನಕ ಕೆಳಕ್ಕೆ ತನ್ನಿ. ಮೆನುವಿನಲ್ಲಿ ಎಸ್‌ವಿಎಂ ಅಥವಾ ವೆಲಾಸಿಟಿ ಮಾಡ್ಯುಲೇಷನ್ ಅಂತ ಇದ್ದರೆ ಅದನ್ನೂ ಆಫ್ ಮಾಡಿ. ಅಂಚು ಬಂದ ಕಡೆ ಬೀಮಿನ ಓಟವನ್ನು ಏರುಪೇರು ಮಾಡಿ ಚೂಪು ಅನ್ನಿಸುವಂತೆ ತೋರಿಸುವ ತಂತ್ರ ಅದು. ದೂರದಿಂದ ಚೆನ್ನಾಗಿ ಕಂಡರೂ ಸಣ್ಣ ವಿವರ ತಿಂದುಬಿಡುತ್ತದೆ.

ನೋಡುವ ಎತ್ತರವನ್ನೂ ಗಮನಿಸಿ. ಈ ಪರದೆಗಳು ಬೆಳಕನ್ನು ಪಕ್ಕಕ್ಕೆ ಹರಡಿದಷ್ಟು ಮೇಲೆ ಕೆಳಗೆ ಹರಡುವುದಿಲ್ಲ. ನಿಂತು ನೋಡಿದರೆ ಮಂಕು, ಕೂತು ಕಣ್ಣು ಪರದೆಯ ನಡುವಿಗೆ ನೇರ ಬಂದರೆ ಹೊಳಪು. ನಿಂತುಕೊಂಡೇ ಕಾಂಟ್ರಾಸ್ಟ್ ಏರಿಸುವವರನ್ನು ಬಹಳ ನೋಡಿದ್ದೇನೆ.

ಸೋಲ್ಡರ್‌ಕೈ

ಮಂಜು ಕವಿದಂತೆ ಅಂದರೆ ಎರಡು ಕಾರಣ. ಒಂದು ಧೂಳು. ಟ್ಯೂಬ್‌ಗಳು ಮೇಲಕ್ಕೆ ಮುಖ ಮಾಡಿ ಕೂತಿರುತ್ತವೆ, ವರ್ಷಾನುಗಟ್ಟಲೆ ಧೂಳು ನೇರ ಲೆನ್ಸ್ ಮೇಲೆಯೇ ಇಳಿಯುತ್ತದೆ. ಬೆಳಕು ಚದುರಿ ಕಪ್ಪು ಬೂದು ಬಣ್ಣಕ್ಕೆ ತಿರುಗುತ್ತದೆ. ಪ್ಲಗ್ ಕಿತ್ತು, ಸಾಕಷ್ಟು ಹೊತ್ತು ಬಿಟ್ಟು, ಮುಂದಿನ ಪರದೆಯ ಚೌಕಟ್ಟು ತೆಗೆದರೆ ಲೆನ್ಸ್ ಮೇಲ್ಭಾಗ ಸಿಗುತ್ತದೆ. ಮೇಲಿನ ಲೆನ್ಸ್ ಪ್ಲಾಸ್ಟಿಕ್ಕು, ಒಣ ಬಟ್ಟೆಯಿಂದ ಉಜ್ಜಿದರೆ ಗೀಚು ಬೀಳುತ್ತದೆ. ಮೊದಲು ಮೆತ್ತನೆ ಬ್ರಷ್‌ನಿಂದ ಧೂಳು ಎಬ್ಬಿಸಿ, ಆಮೇಲೆ ಸ್ವಲ್ಪ ಒದ್ದೆಯಾದ ಮೆತ್ತನೆ ಬಟ್ಟೆ. ಬೆಳಕನ್ನು ಪರದೆಗೆ ತಿರುಗಿಸುವ ಹಿಂದಿನ ಕನ್ನಡಿಗೆ ಇನ್ನೂ ಜೋಪಾನ. ಅದರ ಹೊಳೆಯುವ ಲೇಪ ಗಾಜಿನ ಮುಂದೆಯೇ ಇರುತ್ತದೆ, ಒತ್ತಿ ಒರೆಸಿದರೆ ಲೇಪವೇ ಎದ್ದು ಬರುತ್ತದೆ. ಬರೀ ಬ್ರಷ್ ಆಡಿಸಿ ಬಿಡಿ.

ಎರಡು, ದ್ರವ. ಲೆನ್ಸ್ ಒಳಗೆ ಟಾರ್ಚ್ ಹಾಕಿ ಬಗ್ಗಿ ನೋಡಿ. ತಿಳಿಯಾಗಿದ್ದರೆ ಟ್ಯೂಬ್ ಮುಖ ನೇರ ಕಾಣುತ್ತದೆ, ನೀಲಿಯಲ್ಲಿ ನಿಮ್ಮ ಚೌಕವೂ ಕಾಣಬಹುದು, ಕಂದು ಕಲೆಯಾಗಿ. ಹಾಲಿನಂತೆ ಕದಡಿದ್ದರೆ ಅಥವಾ ಹತ್ತಿಯಂಥ ಎಳೆಗಳು ತೇಲುತ್ತಿದ್ದರೆ ದ್ರವ ಕೆಟ್ಟಿದೆ, ಬದಲಾಯಿಸಬೇಕು. ಟ್ಯೂಬ್ ಬುಡದಲ್ಲಿ ಅಂಟಂಟು ಸೋರಿಕೆ ಕಂಡರೆ ಸೆಟ್ಟನ್ನು ಆನ್ ಮಾಡಲೇಬೇಡಿ, ಆ ದ್ರವ ಬೋರ್ಡ್ ಮೇಲೆ ಬಿದ್ದರೆ ಸುಡುತ್ತದೆ.

ಇಷ್ಟು ಬಿಟ್ಟು ಬೇರೆ ಏನನ್ನೂ ಮುಟ್ಟಬೇಡಿ. ಓಡುವಾಗ ಟ್ಯೂಬ್‌ಗಳಿಗೆ 30 ಸಾವಿರ ವೋಲ್ಟ್ ಹತ್ತಿರ ಹೋಗುತ್ತಿರುತ್ತದೆ, ಆಫ್ ಮಾಡಿದ ಮೇಲೂ ಅದು ಒಳಗೆ ಕೂತಿರುತ್ತದೆ. ದಪ್ಪ ಕೆಂಪು ವೈರ್ ಕಂಡಲ್ಲಿ ಕೈ ಹಿಂದಕ್ಕೆ.

ಹಳೇಸೆಟ್ಟು

ಟಾರ್ಚ್ ಹಾಕಿ ನೋಡಿದೆ. ದ್ರವ ತಿಳಿಯಾಗಿದೆ, ಸೋರಿಕೆ ಇಲ್ಲ. ಧೂಳು ಮಾತ್ರ ಬೆರಳಲ್ಲಿ ಹೆಸರು ಬರೆಯಬಹುದು, ಅಷ್ಟಿತ್ತು. ನೀಲಿ ಟ್ಯೂಬಿನ ಮುಖದ ಮೇಲೆ ನಿಜವಾಗಿಯೂ ಅಂಗೈಗಿಂತ ಚಿಕ್ಕ ಕಂದು ಚೌಕ, ಅದರ ಮೂಲೆಯಲ್ಲಿ ಉಗುರಿನಷ್ಟೂ ಇಲ್ಲದ ಲೋಗೋ! ಹಸಿರಿನಲ್ಲಿ ಗುರುತೇ ಸಿಗಲಿಲ್ಲ.

ಒರೆಸಿದ ಮೇಲೆ ಚಿತ್ರ ಬೇರೆಯೇ ಆಯಿತು. ಕಾಂಟ್ರಾಸ್ಟ್ 45 ರಿಂದ 38 ಕ್ಕೆ ಇಳಿಸಿದರೂ ಮೊದಲಿಗಿಂತ ಹೊಳಪು ಇದೆ. ನೀಲಿಯ ಅಂಚು ಮಾತ್ರ ಇನ್ನೂ ಸ್ವಲ್ಪ ಮೆತ್ತಗೆ, ಬಿಳಿ ಅಕ್ಷರದ ಸುತ್ತ ತೆಳು ನೀಲಿ ಪ್ರಭೆ. ಅದೂ ಫೋಕಸ್ ತಿರುಗಿಸಿ ಸರಿ ಮಾಡಲಾ?

ಮೂರುಟ್ಯೂಬು

ತೀರಾ ಚೂಪು ಮಾಡಬೇಡಿ. ನೀಲಿ ಫಾಸ್ಫರ್ ಒಂದು ಮಟ್ಟ ದಾಟಿದ ಮೇಲೆ ಎಷ್ಟು ಕರೆಂಟ್ ಕೊಟ್ಟರೂ ಜಾಸ್ತಿ ಬೆಳಗುವುದಿಲ್ಲ. ಅದಕ್ಕೇ ಎಷ್ಟೋ ಸೆಟ್‌ಗಳಲ್ಲಿ ನೀಲಿಯನ್ನು ಬೇಕೆಂದೇ ಸ್ವಲ್ಪ ಮಸುಕಾಗಿ ಇಟ್ಟಿರುತ್ತಾರೆ, ಕರೆಂಟ್ ಸ್ವಲ್ಪ ಹರಡಿ ಬಿದ್ದರೆ ಬೆಳಕು ಜಾಸ್ತಿ ಬರುತ್ತದೆ. ನಿಮ್ಮ ಸವೆದ ಟ್ಯೂಬಿಗೆ ಅದೇ ಒಳ್ಳೆಯದು. ಸೂಜಿಯಷ್ಟು ಚೂಪು ಮಾಡಿದರೆ ಬಿಳಿ ಹಳದಿಗೆ ತಿರುಗುವುದು ಇನ್ನೂ ಹೆಚ್ಚಾಗುತ್ತದೆ. ಕೂತ ಜಾಗದಿಂದ ಪ್ರಭೆ ಕಾಣುತ್ತದಾ?

ಹಳೇಸೆಟ್ಟು

ಕೂತ ಜಾಗದಿಂದ ಇಲ್ಲ. ಮೂಗು ಪರದೆಗೆ ತಾಗಿಸಿದರೆ ಕಾಣುತ್ತದೆ.

ಮೂರುಟ್ಯೂಬು

ಹಾಗಾದರೆ ಮುಟ್ಟಬೇಡಿ. ಹಸಿರಿನ ಫೋಕಸ್ ಮಾತ್ರ ಸರಿ ಇದೆಯಾ ನೋಡಿ, ಕಣ್ಣು ಚೂಪನ್ನು ಗುರುತಿಸುವುದು ಬಹುಪಾಲು ಹಸಿರಿನಲ್ಲೇ.

ಗೇಮ್‌ಹುಚ್ಚ

ನಾನೂ ಇವತ್ತು ಲೆನ್ಸ್ ಒಳಗೆ ಟಾರ್ಚ್ ಹಾಕಿದೆ ಗುರು. ಸ್ಪೀಡೋಮೀಟರ್ ಮೂರು ಟ್ಯೂಬಿನಲ್ಲೂ ಇದೆ. ಮುಳ್ಳು ಸಮೇತ.

ಸೋಲ್ಡರ್‌ಕೈ

ಮುಳ್ಳು ಎಷ್ಟರಲ್ಲಿ ನಿಂತಿದೆ?

ಗೇಮ್‌ಹುಚ್ಚ

ಸೊನ್ನೆಯಲ್ಲಿ. ಪಾಜ್ ಮಾಡಿ ಊಟಕ್ಕೆ ಹೋಗಿದ್ದು.